ಒಳಚಿಲಕದ ಹಾಸಿಗೆ

ಹಳೆಯ ವ್ಯಾನೊಂದನ್ನು ಮೇಸ್ತ್ರಿಯ ಅಂಗಳದಲ್ಲಿ ನಿಲ್ಲಿಸಿ ಹೋದರೆ ಎರಡು ತಿಂಗಳಲ್ಲಿ ಅದರ ಹೊಟ್ಟೆಯೊಳಗೊಂದು ಮನೆ ಎದ್ದಿರುತ್ತಿತ್ತು. ಹತ್ತಡಿ ಉದ್ದ, ಐದೂಮುಕ್ಕಾಲು ಅಡಿ ಅಗಲ. ಅಷ್ಟರಲ್ಲೇ ಹಾಸಿಗೆ, ಒಲೆ, ನೀರಿನ ಕ್ಯಾನು, ಬಟ್ಟೆಯ ಕಪಾಟು, ಊಟದ ಮೇಜು. ಮೇಜಿನ ಕಾಲು ಮಡಚಿ ಕೆಳಗಿಳಿಸಿದರೆ ಅದೇ ಮಂಚ; ಮಂಚದ ಹಲಗೆ ಎತ್ತಿದರೆ ಕಂಬಳಿಯ ಗೂಡು; ಹತ್ತುವ ಮೆಟ್ಟಿಲಿನೊಳಗೆ ಚಪ್ಪಲಿ. ತಗಡಿನ ಗೋಡೆಯ ಪಕ್ಕೆಲುಬುಗಳ ನಡುವೆ ಉಳಿಯುವ ಮೂರಿಂಚನ್ನೂ ಅವನು ಸುಮ್ಮನೆ ಬಿಡುವವನಲ್ಲ. ಅಲ್ಲೊಂದು ಪಟ್ಟಿ ಹೊಡೆದು ಬಾಟಲಿ ನಿಲ್ಲಿಸುವ ಹಾಗೆ ಮಾಡಿಕೊಡುತ್ತಿದ್ದ. ಅದಕ್ಕೇ ಬೀದಿಯವರು ಅವನಿಗೆ ಇಂಚು ಮೇಸ್ತ್ರಿ ಎಂದು ಹೆಸರಿಟ್ಟಿದ್ದರು.

ಬೆನ್ನ ಹಿಂದೆ ಅವನಿಗೆ ಇನ್ನೊಂದು ಹೆಸರೂ ಇತ್ತು, ಗುಮಾನಿ ಮೇಸ್ತ್ರಿ. ಸಂಜೆ ಬಾಗಿಲು ಹಾಕುವ ಮೊದಲು ಉಳಿಗಳನ್ನೆಲ್ಲ ಎಣಿಸಿ ಇಡುತ್ತಿದ್ದ. ಟೀ ಪುಡಿಯ ಡಬ್ಬಿಯ ಮೇಲೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿಡುತ್ತಿದ್ದ. ಆ ಡಬ್ಬಿಗೆ ಕೈ ಹಾಕುವವರು ಇಡೀ ಜಗತ್ತಿನಲ್ಲಿ ಇಬ್ಬರೇ, ಅವನು ಮತ್ತು ಅವನ ಮಗಳು. ಮಗಳು ಪಕ್ಕದ ಕೋಣೆಯಲ್ಲಿ ಹೊಲಿಗೆ ಮಿಷನ್ ಹಾಕಿಕೊಂಡು ಅದೇ ವ್ಯಾನುಗಳಿಗೆ ಪರದೆ, ಕುಷನ್ ಹೊಲಿಯುತ್ತಿದ್ದಳು. ನಮ್ಮಪ್ಪ ಬೆಳಗ್ಗೆ ಕನ್ನಡಿ ನೋಡಿಕೊಂಡರೂ ನೀನು ಯಾರಪ್ಪಾ ಎಂದು ಕೇಳಿಯೇ ಮುಂದಕ್ಕೆ ಹೋಗುವುದು ಎಂದು ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು.

ಹುಟ್ಟಿನಿಂದ ಅವನು ಹಾಗಿರಲಿಲ್ಲ. ಎಂಟು ವರ್ಷದ ಹಿಂದೆ, ಹೆಂಡತಿ ಇನ್ನೂ ಬದುಕಿದ್ದಾಗ, ಮೆತ್ತಗೆ ಮಾತಾಡುವ ಗಿರಾಕಿಯೊಬ್ಬ ಬಂದಿದ್ದ. ಮೀನು ಹಿಡಿಯುವ ಗಾಳದ ಕೋಲುಗಳನ್ನು ಇಡಬೇಕು, ನೆಲದ ಕೆಳಗೆ ಇನ್ನೊಂದು ನೆಲ ಮಾಡಿಕೊಡಿ ಎಂದ. ಮೇಸ್ತ್ರಿ ಮಾಡಿಕೊಟ್ಟ. ಹಲಗೆಯ ಸಂದು ಹುಡುಕಿದರೂ ಸಿಗದ ಹಾಗೆ ಮಾಡಿದ್ದೇನೆ ಎಂದು ಹೆಮ್ಮೆಯನ್ನೂ ಪಟ್ಟ. ನಾಲ್ಕು ತಿಂಗಳ ಮೇಲೆ ಪೊಲೀಸರು ಮನೆಗೆ ಬಂದರು. ಆ ನೆಲದ ಕೆಳಗೆ ಸಿಕ್ಕಿದ್ದು ಗಾಳದ ಕೋಲಲ್ಲ. ಮೂರು ದಿನ ಅವನನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಿದರು. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಆದರೆ ಅವನು ಹೇಳಿದ ಒಂದೇ ಒಂದು ಮಾತನ್ನೂ ಯಾರೂ ನಂಬಲಿಲ್ಲ. ಕೊನೆಗೆ ಬಿಟ್ಟು ಕಳಿಸಿದರು. ಬೀದಿಗೆ ಕಾಲಿಟ್ಟಾಗ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಆವತ್ತಿನಿಂದ ಅವನು ಗಿರಾಕಿ ಏನು ಹೇಳುತ್ತಾನೆ ಎಂಬುದನ್ನು ಬಿಟ್ಟು ಏನು ಹೇಳುತ್ತಿಲ್ಲ ಎಂಬುದಕ್ಕೇ ಕಿವಿ ಕೊಡತೊಡಗಿದ.

ಇಂಥವನ ಅಂಗಳಕ್ಕೆ ಒಂದು ದಿನ ಹಳೆಯ ಆಂಬ್ಯುಲೆನ್ಸೊಂದು ಬಂದು ನಿಂತಿತು. ಓಡಿಸಿಕೊಂಡು ಬಂದವಳು ಅರವತ್ತು ದಾಟಿದ ಹೆಂಗಸು. ಐದಡಿಯೂ ಇಲ್ಲದ ಗಿಡ್ಡ ಆಳು. ಬೆಳ್ಳಗಾದ ಕೂದಲನ್ನು ಬಿಗಿಯಾಗಿ ಹಿಂದಕ್ಕೆ ಕಟ್ಟಿದ್ದಳು. ಮೂವತ್ತನಾಲ್ಕು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದೆ, ಈಗ ನಿವೃತ್ತಿ, ಊರೂರು ಸುತ್ತಬೇಕು ಅಂತ ಆಸೆ, ಒಬ್ಬಳೇ ಹೋಗುವುದು ಎಂದಳು. ಒಬ್ಬಳೇ ಎಂಬ ಮಾತನ್ನು ಕಾಲು ಗಂಟೆಯಲ್ಲಿ ಮೂರು ಸಲ ಹೇಳಿದಳು. ಮೂರನೆಯ ಸಲಕ್ಕೆ ಮೇಸ್ತ್ರಿಯ ಕಿವಿ ನೆಟ್ಟಗಾಯಿತು.

ಒಬ್ಬರೇ ಆದರೆ ಕೆಲಸ ಸುಲಭ ಎಂದು ಅವನು ಬಾಯಿಯಲ್ಲೇ ನಕ್ಷೆ ಬಿಡಿಸಿದ. ಹಿಂಬದಿಯಲ್ಲಿ ಅಡ್ಡಕ್ಕೆ ಮಂಚ. ಆರಡಿ ಆಳಾದರೆ ಅಡ್ಡಡ್ಡ ಮಲಗಿ ಮೊಣಕಾಲು ಮಡಚಬೇಕು. ನಿಮಗಾದರೆ ಕಾಲು ಚಾಚಿ ಇನ್ನೂ ಅರ್ಧ ಅಡಿಯ ಮೇಲೆ ಉಳಿಯುತ್ತದೆ. ಮಂಚದ ಕೆಳಗೆ ಹಿಂದಿನ ಬಾಗಿಲಿನಿಂದ ಎಳೆಯುವ ದೊಡ್ಡ ಡ್ರಾಯರ್. ಮುಂದಿನ ಜಾಗವೆಲ್ಲ ಖಾಲಿ, ಓಡಾಡಿಕೊಂಡಿರಬಹುದು.

ನರ್ಸಮ್ಮ ಬೇಡವೆಂದಳು. ಕೈಚೀಲದಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಬಿಡಿಸಿದಳು. ಎಡಗೋಡೆಗೆ ಉದ್ದಕ್ಕೆ ಒಂದು ಪೆಟ್ಟಿಗೆ. ಆರಡಿ ಎರಡಿಂಚು ಉದ್ದ, ಎರಡೂಕಾಲು ಅಡಿ ಅಗಲ, ಎರಡೂವರೆ ಅಡಿ ಎತ್ತರ. ಪೆಟ್ಟಿಗೆಯ ಮೇಲೆ ಹಾಸಿಗೆ ಹಾಕಿ ತಾನು ಮಲಗುವುದು. ಒಳಗೆ ಸಾಮಾನು. ಪಕ್ಕದಲ್ಲಿ ಸರಿಸುವ ಬಾಗಿಲು. ತಲೆಯ ಕಡೆ ಮೂರು, ಕಾಲಿನ ಕಡೆ ಮೂರು ಗಾಳಿಯ ಸೀಳು. ಮತ್ತೆ ಬಾಗಿಲಿಗೆ ಚಿಲಕ, ಅದು ಒಳಗಡೆ.

ಮೇಸ್ತ್ರಿ ಆ ಕಾಗದವನ್ನು ಎರಡು ಸಲ ಓದಿದ. ಆರಡಿ ಎರಡಿಂಚಿನ ಸಾಮಾನು ಯಾವುದು ಎಂದು ಕೇಳಿದ. ಬಟ್ಟೆ, ಪಾತ್ರೆ, ಅದೂ ಇದೂ ಎಂದಳು. ಸಾಮಾನಿಗೆ ಗಾಳಿ ಯಾಕೆ ಎಂದ. ಬಟ್ಟೆ ಮುಗ್ಗಲು ಹಿಡಿಯುತ್ತದೆ ಎಂದಳು. ಅಲ್ಲಿಗೂ ಅವನು ಬಿಡಲಿಲ್ಲ.

"ಅಲ್ಲಮ್ಮಾ, ಚಿಲಕ ಒಳಗಿದ್ರೆ ಹೊರಗಿಂದ ಬಾಗಿಲು ತೆಗೆಯೋದು ಹೇಗೆ?"

ನರ್ಸಮ್ಮ ಕಾಗದ ಮಡಚುತ್ತಾ, "ಅದನ್ನ ನಾನು ನೋಡ್ಕೊತೀನಿ ಮೇಸ್ತ್ರಿ. ನೀವು ಹೇಳಿದಷ್ಟು ಮಾಡಿಕೊಡಿ" ಎಂದಳು.

ಅವಳು ಹೋದ ಮೇಲೆ ಮೇಸ್ತ್ರಿಯ ತಲೆಯಲ್ಲಿ ಹುಳ ಕೊರೆಯತೊಡಗಿತು. ಆರಡಿ ಉದ್ದದ್ದು, ಗಾಳಿ ಬೇಕಾದದ್ದು, ಒಳಗಿನಿಂದ ಚಿಲಕ ಹಾಕಿಕೊಳ್ಳಬಲ್ಲದ್ದು. ಅದು ಸಾಮಾನಲ್ಲ, ಮನುಷ್ಯ. ಅಡಗಿಸಬೇಕಾದ ಮನುಷ್ಯ. ಮಗಳು ಹೊಲಿಗೆಯಿಂದ ತಲೆಯೆತ್ತದೆ, ಬೇಡದ್ದೆಲ್ಲ ಯೋಚನೆ ಮಾಡಬೇಡ, ವಯಸ್ಸಾದವರಿಗೆ ಏನೋ ಒಂದು ಹಟ ಇರುತ್ತದೆ ಎಂದಳು. ಗಾಳದ ಕೋಲಿನವನೂ ಇವಳ ಹಾಗೇ ಸಾಧುವಾಗಿ ಮಾತಾಡುತ್ತಿದ್ದ ಎಂದು ಅವನು ಅಂದ. ಮಗಳು ಮತ್ತೆ ಮಿಷನ್ ತುಳಿಯತೊಡಗಿದಳು.

ಬಂದ ಕೆಲಸವನ್ನು ಬಿಡುವ ಹಾಗಿರಲಿಲ್ಲ, ಬಿಟ್ಟರೆ ಬೇರೆ ಯಾರೋ ಮಾಡಿಕೊಡುತ್ತಾರೆ. ಕಣ್ಣೆದುರಿಗಿದ್ದರೆ ಗೊತ್ತಾದರೂ ಆಗುತ್ತದೆ ಎಂದುಕೊಂಡು ಅವನು ಕೆಲಸ ಹಿಡಿದ. ಆಂಬ್ಯುಲೆನ್ಸಿನ ಒಳಗಿದ್ದ ಹಳೆಯ ಬೆಂಚು, ಕೊಕ್ಕೆ, ಕೊಳವೆಗಳನ್ನು ಕಿತ್ತು ಹಾಕಿದ. ಎಡಗಡೆ ಹಿಂಚಕ್ರದ ಉಬ್ಬು ಒಂಬತ್ತಿಂಚು ಒಳಗೆ ನುಗ್ಗಿತ್ತು. ಪೆಟ್ಟಿಗೆಯ ಕಾಲಿನ ತುದಿ ಅದರ ಮೇಲೆ ಹಾಯುವ ಹಾಗೆ ತಳವನ್ನು ಸ್ವಲ್ಪ ಎತ್ತರಿಸಿದ. ಎತ್ತರಿಸಿದ್ದರಿಂದ ತಳದ ಕೆಳಗೆ ಉಳಿದ ಜಾಗದಲ್ಲಿ ಎರಡು ಚಪ್ಪಟೆ ಡ್ರಾಯರ್ ಕೂರಿಸಿದ. ಬಲಗಡೆ ಒಲೆ, ಅದರ ಕೆಳಗೆ ಪಾತ್ರೆಯ ಗೂಡು. ಗಾಡಿ ತಿರುಗುವಾಗ ತಟ್ಟೆ ಜಾರದ ಹಾಗೆ ಗೂಡಿನ ಅಂಚಿಗೆ ಪಟ್ಟಿ. ಸೂರಿನ ಕೆಳಗೆ ಉದ್ದಕ್ಕೂ ಕಪಾಟು, ಮೇಲಕ್ಕೆ ತೆರೆಯುವ ಬಾಗಿಲು. ಹಿಂದಿನ ಬಾಗಿಲಿನ ಒಳಮೈಗೆ ಮಗಳು ಬಲೆಯ ಚೀಲಗಳನ್ನು ಹೊಲಿದು ಕೊಟ್ಟಳು. ಬಾಗಿಲಿನ ಪಕ್ಕದಲ್ಲಿ, ಹೊರಗಿನಿಂದಲೇ ತೆಗೆಯುವ ಹಾಗೆ, ಗ್ಯಾಸ್ ಸಿಲಿಂಡರಿನ ಗೂಡು.

ನರ್ಸಮ್ಮ ವಾರಕ್ಕೊಮ್ಮೆ ಬಂದು ನೋಡುತ್ತಿದ್ದಳು. ಒಲೆ, ಕಪಾಟುಗಳ ಕಡೆ ಕಣ್ಣು ಹಾಯಿಸಿ ಚೆನ್ನಾಗಿದೆ ಎನ್ನುವಳು. ಪೆಟ್ಟಿಗೆಯ ಹತ್ತಿರ ಮಾತ್ರ ಮಂಡಿಯೂರಿ ಕೂತು, ಹಲಗೆಯ ಒಂದೊಂದು ಸಂದಿಗೂ ಉಗುರು ಆಡಿಸಿ ನೋಡುವಳು. ನಾಲ್ಕನೆಯ ವಾರ ಅವಳು ಎದ್ದು ನಿಂತು ಮೇಸ್ತ್ರಿಯನ್ನು ಅಡಿಯಿಂದ ಮುಡಿಯವರೆಗೆ ಅಳೆದು ನೋಡಿದಳು.

"ಮೇಸ್ತ್ರಿ, ನೀವು ಎತ್ತರ ಇದ್ದೀರಿ. ಒಂದು ಸಲ ಇದರೊಳಗೆ ಮಲಗಿ ನೋಡ್ತೀರಾ?"

ಒಲ್ಲೆ ಎನ್ನಲು ನೆಪ ಸಿಗಲಿಲ್ಲ. ಮಗಳಿಗೆ ಕೇಳಿಸುವ ಹಾಗೆ, ಪೆಟ್ಟಿಗೆಯೊಳಗೆ ಮಲಗುತ್ತಿದ್ದೇನೆ ಎಂದು ಜೋರಾಗಿ ಹೇಳಿ ಒಳಗೆ ಸರಿದ. ನರ್ಸಮ್ಮ ಬಾಗಿಲು ಸರಿಸಿದಳು. ಹೊಸ ಪ್ಲೈವುಡ್ಡಿನ, ಅಂಟಿನ ವಾಸನೆ. ಭುಜದ ಎರಡೂ ಕಡೆ ನಾಲ್ಕು ನಾಲ್ಕು ಬೆರಳು ಜಾಗ. ಹೊರಗಿನಿಂದ ಅವಳು ಕೇಳುತ್ತಾ ಹೋದಳು. ಕಾಲು ತಾಗುತ್ತಾ? ಉಸಿರು ಸರಾಗವಾ? ಹೊರಗಿನವರು ಕಾಣ್ತಾರಾ? ಚಿಲಕಕ್ಕೆ ಮಲಗಿದಲ್ಲಿಂದಲೇ ಕೈ ಎಟಕುತ್ತಾ? ಹಾಕಿ ನೋಡಿ ಎಂದಳು. ಹಾಕಿದ. ಹೊರಗಿನಿಂದ ಅವಳು ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ಬಲವಾಗಿ ಎಳೆದಳು, ಮತ್ತೆ ಎಳೆದಳು. ಬಾಗಿಲು ಅಲ್ಲಾಡಲಿಲ್ಲ. ಸಾಕು ಎಂದಳು. ಅವಳ ದನಿಯಲ್ಲಿ ನೆಮ್ಮದಿಯಿತ್ತು. ಆ ನೆಮ್ಮದಿಯೇ ಮೇಸ್ತ್ರಿಗೆ ಎಲ್ಲಕ್ಕಿಂತ ಕೆಟ್ಟದಾಗಿ ಕೇಳಿಸಿತು. ಬೆವರು ಒರೆಸಿಕೊಳ್ಳುತ್ತಾ ಹೊರಬಂದ.

ಆ ವಾರದಲ್ಲೇ ಕುಷನ್ ಬಟ್ಟೆಯ ಬಣ್ಣ ತೋರಿಸುವ ನೆಪ ಮಾಡಿಕೊಂಡು ಅವಳ ಮನೆ ಹುಡುಕಿಕೊಂಡು ಹೋದ. ಬಟ್ಟೆಯ ವಿಷಯಕ್ಕೆ ನಾನು ಹೋಗಬೇಕಲ್ಲವಾ ಎಂದು ಮಗಳು ಕೇಳಿದ್ದಕ್ಕೆ, ಬಿಸಿಲಿದೆ ನೀನಿರು ಎಂದು ತಡೆದಿದ್ದ. ಒಂದು ಸಾಲಿನಲ್ಲಿ ಒತ್ತೊತ್ತಾಗಿ ನಿಂತ ಎರಡಂತಸ್ತಿನ ಸಣ್ಣ ಮನೆಗಳಲ್ಲಿ ಅವಳದ್ದು ಕೊನೆಯದು. ಬಾಗಿಲ ಪಕ್ಕದಲ್ಲಿ ಗಂಡಸಿನ ಷೂ ಇತ್ತು, ದೊಡ್ಡ ಅಳತೆಯದು, ಹಿಮ್ಮಡಿ ಸವೆದದ್ದು. ಅವನು ಅದನ್ನು ನೋಡುವುದನ್ನು ನೋಡಿದ ನರ್ಸಮ್ಮ, ಕಳ್ಳರು ಹೆದರಲಿ ಅಂತ ಇಟ್ಟಿದ್ದೇನೆ ಎಂದಳು. ಕಳ್ಳರಿಗೆ ಇಟ್ಟ ಷೂವಿನ ಹಿಮ್ಮಡಿ ಸವೆಯುವುದು ಹೇಗೆ ಎಂದು ಮೇಸ್ತ್ರಿ ಮನಸ್ಸಿನಲ್ಲೇ ಅಂದುಕೊಂಡ. ಒಳಗೆ ಒಂದು ಕೋಣೆಯ ಬಾಗಿಲು ತೆರೆದಿತ್ತು. ಅಲ್ಲಿ ದೊಡ್ಡ ಮಂಚ. ಹಾಸಿಗೆಯ ಮೇಲೆ ಅಂಗಡಿಯ ಪ್ಲಾಸ್ಟಿಕ್ ಹೊದಿಕೆಯೂ ಹಾಗೇ ಇತ್ತು. ಮೆಟ್ಟಿಲ ಕೆಳಗೆ ಪೊರಕೆ, ಬಕೆಟ್ಟು ಇಡುವಂಥದ್ದೊಂದು ಮೂಲೆ. ಅದಕ್ಕೆ ಪುಟ್ಟ ಬಾಗಿಲು, ಬಾಗಿಲಿನಲ್ಲಿ ಕೊರೆದ ತೂತುಗಳು. ಅವಳು ನೀರು ತರಲು ಒಳಗೆ ಹೋದಾಗ ಆ ಬಾಗಿಲ ಹಿಂದೆ ಯಾರೋ ಕೆಮ್ಮಿದರು.

ಒಂದೇ ಕೆಮ್ಮು, ಅರ್ಧಕ್ಕೆ ನುಂಗಿದ್ದು. ಮೇಸ್ತ್ರಿ ನೀರು ಕುಡಿಯದೆ ಎದ್ದು ಬಂದ.

ಠಾಣೆಗೆ ಹೋಗಬೇಕೋ ಬೇಡವೋ ಎಂದು ಎರಡು ದಿನ ಒದ್ದಾಡಿದ. ಹೋದರೆ ಮತ್ತೆ ಅದೇ ಬೆಂಚು. ಹೋಗದಿದ್ದರೆ ನಾಳೆ ಅವರೇ ಬಂದು, ಈ ಪೆಟ್ಟಿಗೆ ಮಾಡಿದವನು ನೀನೇ ಅಲ್ಲವಾ ಎಂದು ಕೇಳುತ್ತಾರೆ. ಅದೂ ಅಲ್ಲದೆ ಒಳಗಿರುವವನು ಅಡಗಿರುವವನೋ, ಅಡಗಿಸಲ್ಪಟ್ಟವನೋ? ನರ್ಸುಗಳ ಕೈಯಲ್ಲಿ ಸೂಜಿಮದ್ದು ಇರುತ್ತದೆ. ಹೀಗೆ ಒಂದರ ಹಿಂದೊಂದು ಯೋಚನೆ ಬಂದು, ಕೊನೆಗೆ ಅವನು ತನ್ನ ಕಸುಬಿಗೆ ತಕ್ಕ ದಾರಿಯೊಂದನ್ನು ಕಂಡುಕೊಂಡ. ಸೈಕಲ್ ಬ್ರೇಕಿನ ತಂತಿಯೊಂದನ್ನು ಒಳಚಿಲಕದ ಹಿಂಬದಿಗೆ ಸಿಕ್ಕಿಸಿ, ಹಲಗೆಗೂ ತಗಡಿಗೂ ನಡುವಿನ ಪೊಳ್ಳಿನಲ್ಲಿ ಹಾಯಿಸಿ, ಸಿಲಿಂಡರಿನ ಗೂಡಿನ ಮೂಲೆಗೆ ತಂದುಬಿಟ್ಟ. ಗೊತ್ತಿದ್ದವರು ಅಲ್ಲಿ ಕೈ ಹಾಕಿ ಎಳೆದರೆ ಚಿಲಕ ಸರಿಯುತ್ತಿತ್ತು. ಯಾರ ಕೈಗೆ, ಯಾವಾಗ ಬೇಕಾಗುತ್ತದೆ ಎಂದು ಅವನು ಯೋಚಿಸಲಿಲ್ಲ. ಒಂದು ದಾರಿ ಇರಲಿ ಎಂದಷ್ಟೇ ಅಂದುಕೊಂಡ. ಮಗಳಿಗೂ ಹೇಳಲಿಲ್ಲ.

ನರ್ಸಮ್ಮ ಬಂದು ವ್ಯಾನು ತೆಗೆದುಕೊಂಡು ಹೋದಳು. ಹೋಗುವಾಗ ಒಬ್ಬಳೇ ಇದ್ದಳು.

ಒಂಬತ್ತು ದಿನದ ಮೇಲೆ, ಬೆಳಗ್ಗೆ ಹತ್ತು ಗಂಟೆಯ ಹೊತ್ತಿಗೆ ವ್ಯಾನು ಮತ್ತೆ ಅಂಗಳಕ್ಕೆ ಬಂತು. ಈ ಸಲ ಸ್ಟೇರಿಂಗ್ ಹಿಡಿದಿದ್ದವನು ಒಬ್ಬ ಗಂಡಸು. ಐವತ್ತೈದರ ಆಸುಪಾಸು. ಇಕ್ಕಟ್ಟಿನ ಅಂಗಳದಲ್ಲಿ ಕನ್ನಡಿಯನ್ನಷ್ಟೇ ನೋಡಿಕೊಂಡು ಒಂದೇ ಸಲಕ್ಕೆ ಹಿಂದಕ್ಕೆ ತಂದು ನಿಲ್ಲಿಸಿದ. ಇಳಿದಾಗ ಅವನ ಎತ್ತರ ಮೇಸ್ತ್ರಿಗೆ ಗೊತ್ತಾಯಿತು. ಆರಡಿಗೆ ಒಂದಿಂಚು ಕಮ್ಮಿ. ಕಣ್ಣುಗಳು ಕೆಂಡದಂತಿದ್ದವು, ಕೆನ್ನೆ ಒಳಕ್ಕೆ ಹೋಗಿತ್ತು. ನರ್ಸಮ್ಮ ಇನ್ನೊಂದು ಬದಿಯಿಂದ ಇಳಿದು ಬಂದು ಅಂಗಳದ ನಡುವೆ ನಿಂತಳು. ನಮಸ್ಕಾರವಿಲ್ಲ, ಏನಿಲ್ಲ.

ಆ ಮನುಷ್ಯ ನೇರವಾಗಿ ಸಿಲಿಂಡರಿನ ಗೂಡು ತೆಗೆದು ತಂತಿಯ ತುದಿಯನ್ನು ಬೆರಳಲ್ಲಿ ಎತ್ತಿ ಹಿಡಿದ.

"ಇದು ಯಾರಿಗೋಸ್ಕರ ಇಟ್ಟಿದ್ದು?"

ಮಗಳು ಹೊಲಿಗೆ ಬಿಟ್ಟು ಬಾಗಿಲಿಗೆ ಬಂದಳು. ಅವಳ ಕಣ್ಣು ತಂತಿಯ ಮೇಲೆ, ಆಮೇಲೆ ಅಪ್ಪನ ಮೇಲೆ.

"ಯಾರಿಗೆ ಹೇಳಿದ್ದೀರಿ ಇದನ್ನ? ಯಾರು ಕೇಳಿದ್ರು?" ಎಂದು ಅವನು ಮತ್ತೆ ಕೇಳಿದ. ದನಿ ಏರಲಿಲ್ಲ.

ಯಾರಿಗೂ ಹೇಳಿಲ್ಲ, ಯಾರೂ ಕೇಳಿಲ್ಲ, ನಾನೇ ಹಾಕಿದ್ದು ಎಂದು ಮೇಸ್ತ್ರಿ ಹೇಳಿದ. ಇಬ್ಬರೂ ಅವನ ಮುಖವನ್ನೇ ನೋಡಿದರು. ಠಾಣೆಯಲ್ಲಿ ಮೂರು ದಿನ ತನ್ನನ್ನು ನೋಡುತ್ತಿದ್ದ ಕಣ್ಣುಗಳು ಹೀಗೇ ಇದ್ದವು.

ಆಮೇಲೆ ನರ್ಸಮ್ಮನೇ ಬಾಯಿಬಿಟ್ಟಳು. ಇವನು ತನ್ನ ಒಡಹುಟ್ಟಿದ ತಮ್ಮ. ಇಪ್ಪತ್ತಾರು ವರ್ಷ ದೂರದ ಲಾರಿ ಓಡಿಸಿದವನು. ಸೀಟಿನ ಹಿಂದಿನ ಹಲಗೆಯ ಮೇಲೆ ಮಲಗುವುದೇ ಅವನಿಗೆ ಮನೆಯಾಗಿತ್ತು. ಆರು ವರ್ಷದ ಹಿಂದೆ, ಹಾಡುಹಗಲಿನಲ್ಲಿ, ರಸ್ತೆ ಬದಿ ಲಾರಿ ನಿಲ್ಲಿಸಿ ಕಣ್ಣು ಮುಚ್ಚಿದ್ದ. ಬಾಗಿಲಿನ ಲಾಕು ಕೆಟ್ಟಿತ್ತು, ಮಾಲೀಕ ಸರಿಮಾಡಿಸಿರಲಿಲ್ಲ. ಮೂರು ಜನ ಬಾಗಿಲು ತೆಗೆದು, ನಿದ್ದೆಯಲ್ಲಿದ್ದವನ ಕಾಲು ಹಿಡಿದು ಕೆಳಕ್ಕೆಳೆದು ಹೊಡೆದು ಹಾಕಿ, ಲಾರಿ ತೆಗೆದುಕೊಂಡು ಹೋದರು. ಮೂಳೆ ಕೂಡಿಕೊಂಡಿತು. ನಿದ್ದೆ ಮಾತ್ರ ಕೂಡಿಕೊಳ್ಳಲಿಲ್ಲ. ಅಗಲವಾದ ಕೋಣೆಯಲ್ಲಿ ಮಲಗಿಸಿದರೆ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಾನೆ. ಇಕ್ಕಟ್ಟಿನ ಜಾಗ ಬೇಕು, ಚಿಲಕ ತಾನೇ ಹಾಕಿರಬೇಕು, ಚಿಲಕದ ಮೇಲೆ ಬೆರಳು ಇರಬೇಕು. ಆಗ ಮಾತ್ರ ಕಣ್ಣು ಮುಚ್ಚುತ್ತದೆ. ಮೆಟ್ಟಿಲ ಕೆಳಗೆ ಮಲಗುವ ಗಂಡಸು ಎಂದು ನೆಂಟರು ನಕ್ಕಿದ್ದರು. ಅವತ್ತೇ, ಯಾರಿಗೂ ಹೇಳಬೇಡ ಅಕ್ಕ ಎಂದು ಮಾತು ತೆಗೆದುಕೊಂಡಿದ್ದ.

"ಅವನಿಗೆ ರಸ್ತೆ ಅಂದ್ರೆ ಪ್ರಾಣ. ಆದ್ರೆ ನಿದ್ದೆಗೆ ಮೆಟ್ಟಿಲ ಕೆಳಗೇ ಬರಬೇಕು, ಊರು ಬಿಟ್ಟು ಹೋಗೋ ಹಾಗಿಲ್ಲ. ಎರಡನ್ನೂ ಒಂದೇ ಕಡೆ ಮಾಡೋಣ ಅಂತ ಈ ವ್ಯಾನು" ಎಂದಳು ನರ್ಸಮ್ಮ.

ಮೊದಲ ದಿನವೇ ತಮ್ಮನಿಗೆ ಗೊತ್ತಾಗಿತ್ತಂತೆ. ಚಿಲಕ ಹಾಕಿ ಬೆರಳಿಟ್ಟರೆ ಅದರೊಳಗೆ ಏನೋ ಮಿಸುಕಿದ ಹಾಗೆ. ಪಕ್ಕದಲ್ಲಿ ಲಾರಿಯೊಂದು ಹಾದುಹೋಗಿ ವ್ಯಾನು ನಡುಗಿದರೆ ಚಿಲಕವೂ ಕೂದಲೆಳೆಯಷ್ಟು ಹಿಂದೆ ಸರಿಯುತ್ತದೆ. ಬ್ರೇಕು, ಕ್ಲಚ್ಚುಗಳ ಜೊತೆ ಇಪ್ಪತ್ತಾರು ವರ್ಷ ಬಾಳಿದ ಕೈ. ಇದರ ಇನ್ನೊಂದು ತುದಿ ಎಲ್ಲೋ ಇದೆ ಎಂದು ಅಕ್ಕನಿಗೆ ಹೇಳಿದ. ಅಕ್ಕ, ಎಲ್ಲ ನಿನ್ನ ಮನಸ್ಸು ಎಂದು ಗದರಿದ್ದಳು. ಎಂಟು ದಿನ ನಿದ್ದೆಯಿಲ್ಲದೆ ಕಳೆದ ಮೇಲೆ ಸಿಲಿಂಡರ್ ಬದಲಿಸಲು ಹೋದವಳ ಕೈಗೇ ತಂತಿ ಸಿಕ್ಕಿತು.

ಮೇಸ್ತ್ರಿ ಸಮಜಾಯಿಷಿ ಹೇಳಲು ಹೊರಟು ನಿಲ್ಲಿಸಿದ. ಗಾಳದ ಕೋಲಿನವನ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿ, "ತಪ್ಪಾಯ್ತು. ನಿಮ್ಮನ್ನ ಏನೇನೋ ಅಂದ್ಕೊಂಡೆ" ಎಂದ.

"ಕೇಳಬಹುದಿತ್ತಲ್ಲ" ಎಂದಳು ನರ್ಸಮ್ಮ.

"ಕೇಳಿದ್ದೆ. ಬಟ್ಟೆ, ಪಾತ್ರೆ ಅಂದ್ರಿ."

ಅವಳು ಕಣ್ಣನ್ನು ತಮ್ಮನ ಕಡೆ ಹೊರಳಿಸಿದಳು.

ಮೇಸ್ತ್ರಿ ತಂತಿಯನ್ನು ಅವರ ಕಣ್ಣೆದುರಿಗೇ ಎಳೆದು ಹಾಕಿದ. ತಮ್ಮನಿಗೆ ಅಷ್ಟು ಸಾಲಲಿಲ್ಲ. ಒಂದು ಇಟ್ಟವನು ಇನ್ನೊಂದು ಇಟ್ಟಿರುವುದಿಲ್ಲ ಎಂದು ಹೇಗೆ ನಂಬಲಿ ಎಂದ. ನ್ಯಾಯವಾದ ಪ್ರಶ್ನೆಯೇ ಆಗಿತ್ತು. ಮೇಸ್ತ್ರಿ ಸ್ಕ್ರೂಡ್ರೈವರ್ ತಂದು ತಮ್ಮನ ಕೈಗೆ ಒಂದು ಕೊಟ್ಟು, ತಾನೊಂದು ಹಿಡಿದ. ಪೆಟ್ಟಿಗೆಯ ಹಲಗೆಗಳು ಒಂದೊಂದಾಗಿ ಬಿಚ್ಚಿಕೊಂಡವು. ತಳ, ಬದಿ, ತಲೆಯ ಕಡೆಯ ಪಟ್ಟಿ, ಕೆಳಗಿನ ಚಪ್ಪಟೆ ಡ್ರಾಯರುಗಳೂ. ಒಂದೊಂದು ಹಲಗೆಯನ್ನೂ ತಮ್ಮ ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿ, ಬೆರಳಲ್ಲಿ ತಟ್ಟಿ ಕಿವಿಗೊಟ್ಟು ಕೇಳಿ, ಗೋಡೆಗೆ ಒರಗಿಸುತ್ತಿದ್ದ. ಮೇಸ್ತ್ರಿ ಜೇಬಿಗೆ ಕೈ ಹಾಕಿದರೂ ಅವನ ಕಣ್ಣು ಆ ಜೇಬಿಗೆ ಹೋಗುತ್ತಿತ್ತು. ಎಂಟು ವರ್ಷದಿಂದ ತಾನು ಬೇರೆಯವರನ್ನು ನೋಡುತ್ತಿದ್ದ ರೀತಿಯಲ್ಲೇ ತನ್ನನ್ನು ಒಬ್ಬರು ನೋಡುತ್ತಿದ್ದರೆ ಮೈಯೆಲ್ಲ ಚುಚ್ಚಿದಂತಾಗುತ್ತದೆ ಎಂದು ಮೇಸ್ತ್ರಿಗೆ ಅವತ್ತು ತಿಳಿಯಿತು. ಮಗಳು ಎಲ್ಲರಿಗೂ ಟೀ ತಂದಳು. ಅಪ್ಪನಿಗೆ ಲೋಟ ಕೊಡುವಾಗ ಮಾತ್ರ ಮುಖ ನೋಡಲಿಲ್ಲ.

ಮತ್ತೆ ಜೋಡಿಸುವಾಗ ಸ್ಕ್ರೂ ತಿರುಗಿಸಿದ್ದೆಲ್ಲ ತಮ್ಮನೇ. ಹೊಸ ಚಿಲಕವನ್ನೂ ಮೇಸ್ತ್ರಿಯ ಸಾಮಾನಿನ ಡಬ್ಬಿಯಿಂದ ಅವನೇ ಆರಿಸಿದ, ಬೆರಳು ದಪ್ಪದ ಕಬ್ಬಿಣದ್ದು. ಕೂರಿಸಿ ಹಾಕಿ ತೆಗೆದು, ಹಾಕಿ ತೆಗೆದು ನೋಡಿದ. ಮಧ್ಯಾಹ್ನ ಒಂದು ಗಂಟೆ ದಾಟಿತ್ತು. ಅವನು ಷೂ ಬಿಚ್ಚಿ ಒಳಗೆ ಸರಿದು ಬಾಗಿಲು ಎಳೆದುಕೊಂಡ. ಚಿಲಕ ಬಿದ್ದ ಸದ್ದು ಅಂಗಳಕ್ಕೆಲ್ಲ ಕೇಳಿಸಿತು.

ಹತ್ತು ನಿಮಿಷವಾಯಿತು, ಕಾಲು ಗಂಟೆಯಾಯಿತು. ಆಮೇಲೆ ತಲೆಯ ಕಡೆಯ ಮೂರು ಸೀಳುಗಳಿಂದ ಗೊರಕೆ ಹೊರಬಂತು.

ನರ್ಸಮ್ಮ ಸ್ಟೂಲೊಂದನ್ನು ಎಳೆದುಕೊಂಡು ವ್ಯಾನಿನ ಬಾಗಿಲಿಗೆ ಅಡ್ಡಲಾಗಿ ಕೂತಳು. ಮೇಸ್ತ್ರಿ ಗರಗಸ ಮುಟ್ಟಲಿಲ್ಲ. ಮಗಳು ಮಿಷನ್ ನಿಲ್ಲಿಸಿ ಕೈಯಲ್ಲೇ ಅಂಚು ಹೊಲಿಯುತ್ತಾ ಕೂತಳು. ಹಲಗೆ ತಂದ ಗಾಡಿಯವನು ಗೇಟಿನಲ್ಲಿ ಹಾರ್ನ್ ಹೊಡೆಯಲು ಹೊರಟಾಗ ಮೇಸ್ತ್ರಿ ಓಡಿಹೋಗಿ ಕೈಮುಗಿದು ತಡೆದ. ಹಾಗೆ ಮೂರೂವರೆ ಗಂಟೆ. ಮೇಸ್ತ್ರಿ ಹತ್ತಿರ ಬಂದಾಗಲೆಲ್ಲ ನರ್ಸಮ್ಮ ತಲೆಯೆತ್ತಿ, ಅವನ ಕೈಯಲ್ಲಿ ಏನಿದೆ ಎಂದು ನೋಡುತ್ತಿದ್ದಳು. ಅವಳಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ, ಬರಬೇಕೆಂದು ಅವನೂ ಬಯಸಲಿಲ್ಲ.

ಎಚ್ಚರವಾಗಿ ಹೊರಬಂದ ತಮ್ಮ, ಕೆನ್ನೆಯ ಮೇಲೆ ಹಲಗೆಯ ಗೆರೆ ಮೂಡಿಸಿಕೊಂಡು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತ. ನೀರಿನ ಬಾಟಲಿ ಇಡಲು ಒಳಗೆ ಜಾಗವಿಲ್ಲ, ಬಾಯಾರಿದರೆ ಬಾಗಿಲು ತೆಗೆಯಬೇಕಾಗುತ್ತದೆ ಎಂದ. ಮೇಸ್ತ್ರಿ ಟೇಪು ತೆಗೆದುಕೊಂಡು ಒಳಗೆ ತಲೆ ಹಾಕಿದ. ಚಕ್ರದ ಉಬ್ಬಿನ ಪಕ್ಕದಲ್ಲಿ ನಾಲ್ಕಿಂಚಿನ ಸಂದು ಇತ್ತು, ಆದರೆ ಅದು ಕಾಲಿನ ಕಡೆ.

"ತಲೆ ಆ ಕಡೆ ಹಾಕಿ ಮಲಗಿದ್ರೆ ಆಗುತ್ತಾ?" ಎಂದು ಕೇಳಿದ.

"ಇಲ್ಲ. ತಲೆ ಡ್ರೈವರ್ ಸೀಟಿನ ಕಡೆಗೇ ಇರಬೇಕು."

ಯಾಕೆ ಎಂದು ಮೇಸ್ತ್ರಿ ಕೇಳಲಿಲ್ಲ. ತಲೆಯ ಕಡೆಯ ಪಕ್ಕೆಲುಬುಗಳ ನಡುವೆ ಒಂದು ಬಾಟಲಿ, ಒಂದು ಟಾರ್ಚು ಕೂರುವ ಗೂಡು ಕೊರೆಯಲು ಪೆನ್ಸಿಲ್ ಗುರುತು ಹಾಕಿದ. ಪಕ್ಕದಲ್ಲೇ ಮಂಡಿಯೂರಿ ಕೂತ ತಮ್ಮ, ಗುರುತು ಹಾಕಿದ ಕಡೆ ಮಾತ್ರ ಉಳಿ ಓಡುತ್ತದೆಯೇ ಎಂದು ಕೊನೆಯವರೆಗೂ ನೋಡಿದ.